ಫ್ಲೈಟ್ ಸಿಮ್ ಆಡ್-ಆನ್ ಬರೆಯೋಕೆ ಯಾವ ಭಾಷೆ? ಒಂದೇ ಟೂಲನ್ನ ಎಲ್ಲದ್ರಲ್ಲೂ ಬರೆದು ನೋಡಿದ್ದು

ಫ್ಲೈಟ್ ಸಿಮ್‌ಗೆ ಏನಾದ್ರೂ ಬರೀಬೇಕು, ಸಿ ಪ್ಲಸ್ ಪ್ಲಸ್ ಕಲೀಲೇಬೇಕಾ ಇಲ್ಲಾ ಪೈಥಾನ್ ಸಾಕಾ ಅಂತ ಯಾರಾದ್ರೂ ಕೇಳಿದ್ರೆ ನಾನು ತಿರುಗಿ ಕೇಳೋದು ಒಂದೇ, ನಿಮ್ಮ ಕೋಡ್ ಕೂತ್ಕೊಳ್ಳೋದು ಎಲ್ಲಿ? ಸಿಮ್ಯುಲೇಟರ್ ಒಳಗಾ, ಪಕ್ಕದಲ್ಲಿ ಬೇರೆ ಪ್ರೋಗ್ರಾಮ್ ಆಗಿ ಓಡತ್ತಾ, ಅಥ್ವಾ ಕಾಕ್‌ಪಿಟ್ ಒಳಗಿನ ಡಿಸ್‌ಪ್ಲೇ ಮೇಲಾ? ಇದು ಗೊತ್ತಾದ್ರೆ ಅರ್ಧಕ್ಕರ್ಧ ಭಾಷೆಗಳು ತಾವಾಗೇ ಲಿಸ್ಟಿಂದ ಬಿದ್ದು ಹೋಗ್ತವೆ. ಯಾವುದು ಫಾಸ್ಟು ಯಾವುದು ಸ್ಲೋ ಅನ್ನೋ ಜಗಳ ಎಲ್ಲಾ ಆಮೇಲಿಂದು.

ಎಲ್ಲಾ ಕಡೆ ಬರೆದಿದ್ದು ಒಂದೇ ಟೂಲು, ಲ್ಯಾಂಡಿಂಗ್ ರೇಟ್ ಲಾಗರ್. ಚಕ್ರ ರನ್‌ವೇ ಮುಟ್ಟಿದ ಕ್ಷಣದಲ್ಲಿ ವಿಮಾನ ನಿಮಿಷಕ್ಕೆ ಎಷ್ಟು ಅಡಿ ಲೆಕ್ಕದಲ್ಲಿ ಇಳೀತಿತ್ತು, ಎಷ್ಟು ಜಿ (ಗುರುತ್ವದ ಎಷ್ಟು ಪಟ್ಟು ಬಲ) ಬಿತ್ತು, ಮೂಗು ಎಷ್ಟು ಡಿಗ್ರಿ ಮೇಲಿತ್ತು, ಇಷ್ಟನ್ನ ಹಿಡಿದು ಫೈಲಿಗೆ ಬರೆದು ಸ್ಕ್ರೀನಲ್ಲಿ ತೋರಿಸ್ಬೇಕು. ನೋಡೋಕೆ ಚಿಕ್ಕ ಕೆಲ್ಸ, ಆದ್ರೆ ಟೈಮಿಂಗ್ ತಪ್ಪಿದ್ರೆ ಉತ್ತರವೇ ಸುಳ್ಳು, ಅದಕ್ಕೇ ಇದನ್ನ ಆರಿಸ್ಕೊಂಡೆ. ಲೆಕ್ಕ ಹಾಕಿ ನೋಡಿ, ನಿಮಿಷಕ್ಕೆ 600 ಅಡಿ ಅಂದ್ರೆ ಸೆಕೆಂಡಿಗೆ 10 ಅಡಿ. 30 ಎಫ್‌ಪಿಎಸ್ (ಸೆಕೆಂಡಿಗೆ 30 ಫ್ರೇಮ್) ಇದ್ರೆ ಒಂದು ಫ್ರೇಮ್ ಸುಮಾರು 33 ಮಿಲಿಸೆಕೆಂಡ್, ಅಷ್ಟರಲ್ಲಿ ವಿಮಾನ ಇಳಿಯೋದು ನಾಲ್ಕು ಇಂಚು. ಸೆಕೆಂಡಿಗೊಂದ್ಸಲ ಓದ್ತಾ ಕೂತ್ರೆ ಫ್ಲೇರ್ (ನೆಲ ಮುಟ್ಟೋ ಮುಂಚೆ ಮೂಗು ಎತ್ತಿ ಇಳಿಯೋ ವೇಗ ತಗ್ಗಿಸೋದು) ಶುರುವಾಗಿ ಮುಗಿಯೋದ್ರೊಳಗೆ ಕೈಗೆ ಬರೋದು ನಾಲ್ಕೈದು ಸಂಖ್ಯೆ ಅಷ್ಟೇ, ಅದ್ರಲ್ಲಿ ಟಚ್‌ಡೌನ್ ಕ್ಷಣದ್ದು ಇರೋ ಗ್ಯಾರಂಟಿನೂ ಇಲ್ಲ.

ಮೊದ್ಲು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಕಡೆ ಬರೋಣ. ಹೊರಗಿನಿಂದ ಮಾತಾಡೋಕೆ ಇರೋ ಬಾಗಿಲು ಸಿಮ್‌ಕನೆಕ್ಟ್, 2006ರಲ್ಲಿ ಎಫ್‌ಎಸ್‌ಎಕ್ಸ್ (ಫ್ಲೈಟ್ ಸಿಮ್ಯುಲೇಟರ್ ಎಕ್ಸ್) ಜೊತೆ ಬಂದಿದ್ದು, ಇವತ್ತಿಗೂ ಅದೇ ನಡೀತಿದೆ. ಅದ್ರ ಮೂಲ ಸಿ ಲೈಬ್ರರಿ, ಜೊತೆಗೆ ಎಸ್‌ಡಿಕೆ (ಡೆವಲಪರ್‌ಗಳಿಗೆ ಕೊಡೋ ಟೂಲ್ ಕಿಟ್) ಒಳಗೇ ಡಾಟ್‌ನೆಟ್‌ಗೆ (ಸಿ ಶಾರ್ಪ್ ಓಡೋ ವೇದಿಕೆ) ಒಂದು ರೆಡಿ ಲೈಬ್ರರಿ, ಮ್ಯಾನೇಜ್ಡ್ ಡಿಎಲ್‌ಎಲ್, ಕೊಟ್ಟಿದ್ದಾರೆ, ಹಾಗಾಗಿ ಸಿ ಶಾರ್ಪ್‌ನಲ್ಲಿ ಶುರು ಮಾಡಿದ್ದು. ನೇರವಾಗಿ ಹೇಳ್ತೀನಿ, ಹೊರಗೆ ಓಡೋ ಟೂಲಿಗೆ ಇದಕ್ಕಿಂತ ಆರಾಮ ಯಾವುದೂ ಇಲ್ಲ. ಯಾವ ಯಾವ ಸಿಮ್ ವೇರಿಯಬಲ್ (ವೇಗ, ಎತ್ತರದಂಥಾ ಸಂಖ್ಯೆ) ಬೇಕು, ಯಾವ ಯೂನಿಟ್‌ನಲ್ಲಿ ಬೇಕು ಅಂತ ಡೆಫಿನಿಶನ್ ಕೊಟ್ಟು, ಪ್ರತೀ ಸಿಮ್ ಫ್ರೇಮಿಗೂ ಕಳ್ಸು ಅಂದ್ರೆ ಅದೇ ಕಳಿಸ್ತಾ ಹೋಗತ್ತೆ, ನಾವು ಪದೇ ಪದೇ ಕೇಳ್ತಾ ಕೂರ್ಬೇಕಾಗಿಲ್ಲ. ವಿಂಡೋ, ಗ್ರಾಫ್, ಸಿಸ್ಟಮ್ ಟ್ರೇ ಐಕಾನ್ ಎಲ್ಲಾ ಡಾಟ್‌ನೆಟ್‌ನಲ್ಲಿ ರೆಡಿ ಇರತ್ತೆ. ನಮ್ಮ ಪ್ರೋಗ್ರಾಮ್ ಸತ್ರೂ ಸಿಮ್ ಹಾರ್ತಾನೇ ಇರತ್ತೆ, ಇದು ಸಣ್ಣ ವಿಷಯ ಅಲ್ಲ, ಎಂಟು ಗಂಟೆ ಫ್ಲೈಟ್‌ನ ಕೊನೇ ಹತ್ತು ನಿಮಿಷದಲ್ಲಿ ಸಿಮ್ ಸಮೇತ ಬಿದ್ರೆ ಬಳಸೋರು ನಿಮ್ಮ ಟೂಲನ್ನ ಮತ್ತೆ ಮುಟ್ಟಲ್ಲ.

ಹುಷಾರಾಗಿರ್ಬೇಕಾದ ಜಾಗಗಳೂ ಇವೆ. ಡೇಟಾ ಬಂದು ಕೂರೋ ಸ್ಟ್ರಕ್ಟ್ ಒಳಗಿನ ಫೀಲ್ಡ್‌ಗಳ ಕ್ರಮ ಡೆಫಿನಿಶನ್ ಕೊಟ್ಟ ಕ್ರಮಕ್ಕೆ ಕರೆಕ್ಟಾಗಿ ಹೊಂದ್ಬೇಕು, ಪ್ಯಾಕಿಂಗ್ 1 ಇರ್ಬೇಕು (ಫೀಲ್ಡ್‌ಗಳ ಮಧ್ಯೆ ಖಾಲಿ ಜಾಗ ಇರ್ಬಾರ್ದು), ಇಲ್ಲಾಂದ್ರೆ ಎರರ್ ಏನೂ ಬರಲ್ಲ, ಸುಮ್ನೆ ಏರ್‌ಸ್ಪೀಡ್ ಜಾಗದಲ್ಲಿ ಆಲ್ಟಿಟ್ಯೂಡ್ ಕೂತಿರತ್ತೆ. ಬಿಲ್ಡ್ 64 ಬಿಟ್‌ಗೇ ಮಾಡ್ಬೇಕು. ಇನ್ನೊಂದು ತಮಾಷೆ ಅಂದ್ರೆ ಪಿಚ್ (ಮೂಗಿನ ಕೋನ) ವೇರಿಯಬಲ್ ಹೆಸರಲ್ಲೇ ಡಿಗ್ರೀಸ್ ಅಂತ ಇದೆ ಆದ್ರೆ ಅದ್ರ ಡೀಫಾಲ್ಟ್ ಯೂನಿಟ್ ರೇಡಿಯನ್, ಮೇಲಿಂದ ಚಿಹ್ನೆ ಉಲ್ಟಾ, ಮೂಗು ಮೇಲೆತ್ತಿದ್ರೆ ಮೈನಸ್. ಇದಕ್ಕೆ ಭಾಷೆ ಕಾರಣ ಅಲ್ಲ ಬಿಡಿ, ಯಾವ ಭಾಷೇಲಿ ಬರೆದ್ರೂ ಇದೇ ಕತೆ.

ಪೈಥಾನ್ ವಿಷಯಕ್ಕೆ ಬಂದ್ರೆ ಎರಡು ಬೇರೆ ಬೇರೆ ತೀರ್ಪು ಕೊಡ್ಬೇಕು. ಶುರು ಮಾಡೋ ಸ್ಪೀಡಲ್ಲಿ ಇದನ್ನ ಮೀರಿಸೋರಿಲ್ಲ, ಪೈಥಾನ್‌ಗೆ ಇರೋ ಸಿಮ್‌ಕನೆಕ್ಟ್ ಲೈಬ್ರರಿ ಹಾಕ್ಕೊಂಡು ನಾಲ್ಕು ಸಾಲು ಬರೆದ್ರೆ ಆಲ್ಟಿಟ್ಯೂಡ್ ಕಣ್ಮುಂದೆ. ಆದ್ರೆ ಅದು ವ್ಯಾಲ್ಯೂಗಳನ್ನ ಕ್ಯಾಶ್ ಮಾಡಿ ಇಟ್ಕೊಳ್ಳತ್ತೆ, ಅಂದ್ರೆ ಒಮ್ಮೆ ಓದಿದ್ದನ್ನೇ ಸ್ವಲ್ಪ ಹೊತ್ತು ಕೊಡ್ತಾ ಇರತ್ತೆ, ಡೀಫಾಲ್ಟ್ 2000 ಮಿಲಿಸೆಕೆಂಡ್. ಮೇಲಿನ ಲೆಕ್ಕದಲ್ಲಿ 2 ಸೆಕೆಂಡ್ ಅಂದ್ರೆ 20 ಅಡಿ, ಲ್ಯಾಂಡಿಂಗ್ ರೇಟ್‌ಗೆ ಅದು ಯಾವ ಮೂಲೆಗೂ ಸಾಲಲ್ಲ. ಕ್ಯಾಶ್ ಟೈಮ್ ಇಳಿಸ್ಬಹುದು, ಒಳಗೆ ಕೈ ಹಾಕಿ ಫ್ರೇಮ್ ಫ್ರೇಮಿಗೂ ತರಿಸ್ಕೊಳ್ಳಬಹುದು, ಆದ್ರೆ ಅಷ್ಟೊತ್ತಿಗೆ ನಾಲ್ಕು ಸಾಲಿನ ಸುಖ ಎಲ್ಲಾ ಹೋಗಿ ಸಿ ಶಾರ್ಪ್‌ನಷ್ಟೇ ಉದ್ದದ ಕೋಡ್ ಆಗಿರತ್ತೆ. ಇನ್ನು ಬೇರೆಯವ್ರಿಗೆ ಹಂಚೋಕೆ ಅಂತ ಒಂದೇ ಎಕ್ಸ್‌ಇ ಮಾಡಿ ಕೊಟ್ರೆ ಆಂಟಿವೈರಸ್ ಅದನ್ನ ಕಳ್ಳನ ಥರ ನೋಡತ್ತೆ. ಆದ್ರೂ ಪೈಥಾನನ್ನ ನಾನು ಬಿಟ್ಟಿಲ್ಲ, ಲಾಗ್ ಫೈಲ್ ತಗೊಂಡು ಫ್ಲೇರ್‌ನ ಗ್ರಾಫ್ ಬಿಡಿಸೋಕೆ, ಎಲ್ಲಿ ಥ್ರಾಟಲ್ ಕಟ್ ಮಾಡ್ದೆ ಎಲ್ಲಿ ವಿಮಾನ ತೇಲ್ತು ಅಂತ ನೋಡೋಕೆ ನೋಟ್‌ಬುಕ್ ತೆಗೆದು ಕೂತ್ರೆ ಬೇರೆ ಯಾವ ಭಾಷೆನೂ ಬೇಡ ಅನ್ಸತ್ತೆ. ಡೇಟಾ ತರೋದಕ್ಕೆ ಬೇಡ, ತಂದ ಡೇಟಾ ಓದೋದಕ್ಕೆ ಬೇಕು.

ಸಿಮ್ ಒಳಗೆ ಹೋಗ್ಬೇಕು ಅಂದ್ರೆ ದಾರಿ ವೆಬ್‌ಅಸೆಂಬ್ಲಿ (ಬೇರೆ ಭಾಷೇಲಿ ಬರೆದು ಕಂಪೈಲ್ ಮಾಡಿದಾಗ ಸಿಗೋ ಕೋಡ್ ಫಾರ್ಮ್ಯಾಟ್), ಅಂದ್ರೆ ಬರೆಯೋದು ಸಿ ಪ್ಲಸ್ ಪ್ಲಸ್ ಅಥ್ವಾ ರಸ್ಟ್‌ನಲ್ಲಿ. ಎಕ್ಸ್‌ಬಾಕ್ಸ್‌ನಲ್ಲೂ ಓಡ್ಬೇಕು ಅಂದ್ರಂತೂ ಬೇರೆ ಗತಿ ಇಲ್ಲ, ಅಲ್ಲಿ ಪಕ್ಕದಲ್ಲಿ ಎಕ್ಸ್‌ಇ ಓಡ್ಸೋಕೆ ಯಾರೂ ಬಿಡಲ್ಲ. ವೇಗ ಚೆನ್ನಾಗಿದೆ, ವೆಬ್‌ಅಸೆಂಬ್ಲಿನ ಸಿಮ್ಮೇ ನೇಟಿವ್ ಕೋಡ್‌ಗೆ ಬದಲಾಯಿಸ್ಕೊಂಡು ಓಡಿಸತ್ತೆ. ಆದ್ರೆ ಕೈಕಾಲು ಕಟ್ಟಿದ ಹಾಗೆ ಇರತ್ತೆ, ಥ್ರೆಡ್ (ಒಟ್ಟೊಟ್ಟಿಗೆ ಓಡೋ ಕೆಲ್ಸ) ಇಲ್ಲ, ಬೇಕಾದ ಫೋಲ್ಡರ್‌ಗೆ ಫೈಲ್ ಬರೆಯೋ ಹಾಗಿಲ್ಲ, ಮಾಡ್ಯೂಲ್‌ಗೆ ಅಂತ ಇರೋ ವರ್ಕ್ ಫೋಲ್ಡರ್‌ನಲ್ಲೇ ಬರೀಬೇಕು. ಲಾಗರ್‌ನಂಥಾ ಟೂಲಿಗೆ ಇದು ಸುಮ್ನೆ ತಲೆನೋವು. ಅದೇ ವಿಮಾನದ ಹೈಡ್ರಾಲಿಕ್ಸ್, ಎಲೆಕ್ಟ್ರಿಕಲ್ ಥರ ಸಿಸ್ಟಮ್ ಸಿಮ್ಯುಲೇಟ್ ಮಾಡೋದಾದ್ರೆ ಮಾತು ಬೇರೆ. ಫ್ಲೈಬೈವೈರ್ ಅನ್ನೋ ತಂಡದವ್ರ ಎ32ಎನ್‌ಎಕ್ಸ್ (ಏರ್‌ಬಸ್ ಎ320ನಿಯೋ ಆಡ್-ಆನ್) ಓಪನ್ ಸೋರ್ಸು, ತೆಗೆದು ನೋಡಿ, ಸಿಸ್ಟಮ್‌ಗಳ ಭಾಗ ರಸ್ಟ್‌ನಲ್ಲಿದೆ, ಫ್ಲೈ-ಬೈ-ವೈರ್ (ಕಂಪ್ಯೂಟರ್ ಮೂಲಕ ನಡೆಯೋ ಕಂಟ್ರೋಲ್) ಮತ್ತೆ ಆಟೋಪೈಲಟ್ ಭಾಗ ಸಿ ಪ್ಲಸ್ ಪ್ಲಸ್‌ನಲ್ಲಿ, ಡಿಸ್‌ಪ್ಲೇ ಎಲ್ಲಾ ಟೈಪ್‌ಸ್ಕ್ರಿಪ್ಟ್. ಒಂದೇ ವಿಮಾನಕ್ಕೆ ಮೂರು ಭಾಷೆ, ಯಾಕಂದ್ರೆ ಮೂರೂ ಕೂತಿರೋ ಜಾಗ ಬೇರೆ. ರಸ್ಟ್ ನನಗೆ ಹಿಡಿಸ್ತು, ಪ್ರೆಶರ್‌ಗೊಂದು ಟೈಪು ವೋಲ್ಟೇಜ್‌ಗೊಂದು ಟೈಪು ಅಂತ ಕಟ್ಕೊಂಡ್ರೆ ಯೂನಿಟ್ ಕಲಸಿ ಹೋಗೋದನ್ನ ಕಂಪೈಲರೇ ತಡೆಯತ್ತೆ. ಆದ್ರೆ ಎಸ್‌ಡಿಕೆ ಉದಾಹರಣೆಗಳು ಸಿ ಪ್ಲಸ್ ಪ್ಲಸ್‌ನಲ್ಲಿ ಬರ್ತವೆ, ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ ಕೊನೆಗೆ ಹಳೇ ಗಂಡನ ಪಾದವೇ ಗತಿ.

ಕಾಕ್‌ಪಿಟ್ ಡಿಸ್‌ಪ್ಲೇ ಬಗ್ಗೆ ಜಾಸ್ತಿ ಹೇಳೋಕಿಲ್ಲ, ಟೈಪ್‌ಸ್ಕ್ರಿಪ್ಟ್ (ಜಾವಾಸ್ಕ್ರಿಪ್ಟ್‌ಗೆ ಕಂಪೈಲ್ ಆಗೋ ಭಾಷೆ) ತಗೊಳ್ಳಿ. ಗೇಜ್‌ಗಳು, ಅಂದ್ರೆ ಕಾಕ್‌ಪಿಟ್‌ನ ಮೀಟರು ಸ್ಕ್ರೀನುಗಳು, ಎಚ್‌ಟಿಎಂಎಲ್ ಮತ್ತು ಜಾವಾಸ್ಕ್ರಿಪ್ಟ್‌ನಲ್ಲಿ, ಕೊಹೆರೆಂಟ್ ಜಿಟಿ ಅನ್ನೋ ಎಂಜಿನ್ ಮೇಲೆ ಓಡ್ತವೆ, ಅದು ಇವತ್ತಿನ ಬ್ರೌಸರ್ ಅಲ್ಲ, ಹಾಗಾಗಿ ಹೊಸ ಸಿಂಟ್ಯಾಕ್ಸ್ ನೇರವಾಗಿ ಬರೆಯೋ ಬದಲು ಹಳೇ ಟಾರ್ಗೆಟ್‌ಗೆ ಕಂಪೈಲ್ ಮಾಡ್ಕೊಳ್ಳೋದು ಕ್ಷೇಮ. ಎಕ್ಸ್‌ಎಂಎಲ್ ಒಳಗೆ ಬರೆಯೋ ಆರ್‌ಪಿಎನ್ ಅಂತ ಇನ್ನೊಂದಿದೆ, ಸಂಖ್ಯೆ ಮೊದ್ಲು ಆಪರೇಟರ್ ಆಮೇಲೆ. ಸ್ವಿಚ್ಚು ನಾಬು ಕುಣಿಸೋಕೆ ಅದೇ ಬೇಕು, ಒಂದು ಸಾಲಿಗಿಂತ ಉದ್ದ ಆದ್ರೆ ನಾಳೆ ನೀವೇ ಓದೋಕಾಗಲ್ಲ.

ಈಗ ಇನ್ನೊಂದು ಸಿಮ್ಯುಲೇಟರ್, ಎಕ್ಸ್-ಪ್ಲೇನ್. ಇಲ್ಲಿ ಪ್ಲಗಿನ್ ಅಂದ್ರೆ ಎಕ್ಸ್‌ಪಿಎಲ್ ಅನ್ನೋ ಎಕ್ಸ್‌ಟೆನ್ಶನ್ ಇರೋ ಡೈನಮಿಕ್ ಲೈಬ್ರರಿ, ಸಿಮ್ ಪ್ರೋಸೆಸ್ ಒಳಗೇ ಓಡತ್ತೆ, ಒಂದು ನಲ್ ಪಾಯಿಂಟರ್ ಮುಟ್ಟಿದ್ರೆ ಸಿಮ್ಮೂ ಹೋಯ್ತು. ಎಸ್‌ಡಿಕೆ ಪಕ್ಕಾ ಸಿ ಎಪಿಐ, ತುಂಬಾ ಕ್ಲೀನಾಗಿದೆ, ಐದು ಫಂಕ್ಷನ್ ಕೊಟ್ರೆ ಪ್ಲಗಿನ್ ರೆಡಿ, ಡೇಟಾರೆಫ್ (ಸಿಮ್ ಒಳಗಿನ ಒಂದೊಂದು ಸಂಖ್ಯೆ) ಹೆಸರು ಹುಡುಕಿ ಓದ್ಕೊಳ್ಳೋದು. ಫ್ಲೈಟ್ ಲೂಪ್ ಕಾಲ್‌ಬ್ಯಾಕ್, ಅಂದ್ರೆ ಸಿಮ್ ಆಗಾಗ ಕರೆಯೋ ನಮ್ಮ ಫಂಕ್ಷನ್, ಅದ್ರಿಂದ ವಾಪಸ್ ಕೊಡೋ ಸಂಖ್ಯೆನೇ ಮುಂದಿನ ಸಲ ಯಾವಾಗ ಕರೀಬೇಕು ಅಂತ ಹೇಳತ್ತೆ, ಪ್ಲಸ್ ಆದ್ರೆ ಅಷ್ಟು ಸೆಕೆಂಡ್, ಮೈನಸ್ ಆದ್ರೆ ಅಷ್ಟು ಫ್ರೇಮ್, ಸೊನ್ನೆ ಆದ್ರೆ ಸಾಕು ನಿಲ್ಸು. ಈ ಡಿಸೈನ್ ಮಾಡ್ದೋರ ತಲೆಗೆ ಒಂದು ನಮಸ್ಕಾರ. ಆದ್ರೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಬೇರೆ ಬೇರೆ ಕಂಪೈಲ್ ಮಾಡ್ಬೇಕು, ಬೇರೆ ಥ್ರೆಡ್‌ನಿಂದ ಎಸ್‌ಡಿಕೆ ಫಂಕ್ಷನ್ ಕರೆಯೋ ಹಾಗಿಲ್ಲ.

ಅದಕ್ಕೇ ಇಲ್ಲಿ ನನ್ನ ವೋಟು ಫ್ಲೈವಿತ್‌ಲುವಾಗೆ, ಇದು ಲುವಾ ಭಾಷೆಯ ಸ್ಕ್ರಿಪ್ಟ್ ಓಡ್ಸೋ ಪ್ಲಗಿನ್. ಲುವಾ ಫೈಲೊಂದನ್ನ ಸ್ಕ್ರಿಪ್ಟ್ಸ್ ಫೋಲ್ಡರ್‌ಗೆ ಹಾಕಿ ಮೆನುವಿನಿಂದ ರೀಲೋಡ್ ಕೊಟ್ರೆ ವಿಮಾನ ಗಾಳೀಲಿದ್ದಾಗಲೇ ಹೊಸ ಕೋಡ್ ಓಡೋಕೆ ಶುರು. ಫೈನಲ್ ಅಪ್ರೋಚ್‌ನಲ್ಲಿ (ರನ್‌ವೇಗೆ ಇಳಿಯೋ ಕೊನೇ ಹಂತ) ಸಿಮ್ ಪಾಜ್ ಮಾಡಿ, ಒಂದು ಸಾಲು ಬದಲಾಯಿಸಿ, ರೀಲೋಡ್ ಮಾಡಿ, ಇಳಿಸಿ ನೋಡೋದು, ಈ ಸುಖ ಬೇರೆ ಯಾವುದರಲ್ಲೂ ಸಿಗ್ಲಿಲ್ಲ. ಸಿಮ್ ಆಡ್-ಆನ್ ಬರೆಯೋದ್ರಲ್ಲಿ ನಿಜವಾಗ್ಲೂ ಟೈಮ್ ತಿನ್ನೋದು ಕೋಡ್ ಬರೆಯೋದಲ್ಲ, ಸಿಮ್ ಲೋಡ್ ಆಗ್ಲಿ ಅಂತ ಕಾಯೋದು. ಕೆಳಗೆ ಇರೋದು ಲುವಾಜಿಟ್ ಅನ್ನೋ ವೇಗದ ಲುವಾ ಎಂಜಿನ್, ಪ್ರತೀ ಫ್ರೇಮಿಗೆ ನಾಲ್ಕು ಡೇಟಾರೆಫ್ ಓದಿ ಒಂದು ಹೋಲಿಕೆ ಮಾಡೋದು ಅದಕ್ಕೆ ಲೆಕ್ಕಕ್ಕೇ ಇಲ್ಲ. ಸ್ಕ್ರಿಪ್ಟ್ ಎರರ್ ಆದ್ರೆ ಅದನ್ನ ಎತ್ತಿ ಕ್ವಾರಂಟೈನ್ ಫೋಲ್ಡರ್‌ಗೆ ಹಾಕತ್ತೆ. ಒಂದು ಎಚ್ಚರಿಕೆ, ಎಲ್ಲಾ ಸ್ಕ್ರಿಪ್ಟೂ ಒಂದೇ ಲುವಾ ಸ್ಟೇಟ್‌ನಲ್ಲಿ ಓಡೋದ್ರಿಂದ ಲೋಕಲ್ ಅಂತ ಬರೀದೇ ಬಿಟ್ಟ ವೇರಿಯಬಲ್ ಪಕ್ಕದ ಸ್ಕ್ರಿಪ್ಟ್‌ನ ವೇರಿಯಬಲ್ ಮೇಲೆ ಕೂತ್ಕೊಳ್ಳತ್ತೆ, ಹೆಸರಿಗೆ ನಿಮ್ಮದೇ ಒಂದು ಪ್ರಿಫಿಕ್ಸ್ ಇಡಿ. ದೊಡ್ಡ ಸಿಸ್ಟಮ್ ಅಥ್ವಾ ದುಡ್ಡಿಗೆ ಮಾರೋ ಪ್ರಾಡಕ್ಟ್ ಆದ್ರೆ ಸಿ ಪ್ಲಸ್ ಪ್ಲಸ್‌ಗೆ ಹೋಗಿ, ಬಳಸೋರು ಮೊದ್ಲು ಇನ್ನೊಂದು ಪ್ಲಗಿನ್ ಹಾಕ್ಕೋಬೇಕು ಅನ್ನೋ ಶರತ್ತು ಅಲ್ಲಿ ನಡಿಯಲ್ಲ.

ಫ್ಲೈಟ್‌ಗಿಯರ್ ಅನ್ನೋ ಮೂರನೇ ಸಿಮ್‌ನಲ್ಲಿ ನಸಾಲ್ ಅನ್ನೋ ಅದ್ರದ್ದೇ ಸ್ಕ್ರಿಪ್ಟಿಂಗ್ ಭಾಷೆ ಇದೆ. ಜಾವಾಸ್ಕ್ರಿಪ್ಟ್ ಬಂದೋರಿಗೆ ಒಂದು ಸಂಜೆ ಸಾಕು, ಆದ್ರೆ ಕಲಿತಿದ್ದು ಆಚೆ ಎಲ್ಲೂ ಕೆಲ್ಸಕ್ಕೆ ಬರಲ್ಲ. ಪ್ರಾಪರ್ಟಿ ಟ್ರೀ (ಸಿಮ್‌ನ ಸಂಖ್ಯೆಗಳನ್ನ ಮರದ ಥರ ಜೋಡಿಸಿರೋ ಪಟ್ಟಿ) ಮಾತ್ರ ಚಿನ್ನ, ಚಕ್ರ ನೆಲ ಮುಟ್ಟೋ ಪ್ರಾಪರ್ಟಿಗೆ ಲಿಸನರ್ (ಅದು ಬದಲಾದಾಗ ಓಡೋ ಕೋಡ್) ಹಾಕಿದ್ರೆ ಅರ್ಧ ಲಾಗರ್ ಆಯ್ತು, ಹೆಸರಿನ ಕೊನೇಲೇ ಅಡಿನಾ ಡಿಗ್ರಿನಾ ಸೆಕೆಂಡಿಗೆ ಅಡಿನಾ ಅಂತ ಬರೆದಿರತ್ತೆ, ಯೂನಿಟ್ ಗೊಂದಲ ಇಲ್ವೇ ಇಲ್ಲ. ಬೇರೆಯವ್ರೂ ಇದನ್ನ ಕಲಿಬೇಕಿತ್ತು.

ಅಂದಹಾಗೆ ಮೈಕ್ರೋಸಾಫ್ಟ್ ಸಿಮ್‌ನಲ್ಲಿ ಟಚ್‌ಡೌನ್ ವೇಗವನ್ನ ಸಿಮ್ಮೇ ಹಿಡಿದಿಟ್ಟಿರೋ ವೇರಿಯಬಲ್ ಒಂದಿದೆ, ಸೆಕೆಂಡಿಗೆ ಅಡಿ ಲೆಕ್ಕದಲ್ಲಿ, 60ರಿಂದ ಗುಣಿಸಿದ್ರೆ ಆಯ್ತು. ಬರೀ ಆ ಒಂದು ಸಂಖ್ಯೆ ಸಾಕು ಅನ್ನೋರಿಗೆ ಪೈಥಾನ್‌ನ 2 ಸೆಕೆಂಡ್ ಕ್ಯಾಶ್ ಕೂಡ ಏನೂ ಮಾಡಲ್ಲ, ಇಳಿದು ಟ್ಯಾಕ್ಸಿ ಮಾಡ್ತಾ ಆರಾಮಾಗಿ ಓದ್ಕೋಬಹುದು. ನಾನು ಸಿ ಶಾರ್ಪ್ ಲಾಗರ್‌ನ ಸಂಖ್ಯೆ ಸರಿ ಇದ್ಯಾ ಅಂತ ತಾಳೆ ನೋಡೋಕೆ ಇದನ್ನ ಇಟ್ಕೊಂಡೆ.

ಎಕ್ಸ್-ಪ್ಲೇನ್ 12.1.1ರಿಂದ ಸಿಮ್ ಒಳಗೇ ಒಂದು ವೆಬ್ ಸರ್ವರ್ ಬಂದಿದೆ, ಪೋರ್ಟ್ 8086, ರೆಸ್ಟ್ (ಕೇಳಿದಾಗ ಉತ್ತರ ಕೊಡೋದು) ಮತ್ತೆ ವೆಬ್‌ಸಾಕೆಟ್ (ತಾನಾಗೇ ಕಳಿಸ್ತಾ ಹೋಗೋದು) ಎರಡೂ ಇದೆ, ಡೇಟಾರೆಫ್ ಓದೋಕೆ ಪ್ಲಗಿನ್ನೇ ಬೇಡ. ಇದ್ರಿಂದ ಹೊರಗಿನ ಟೂಲಿಗೆ ಯಾವ ಭಾಷೆ ಅನ್ನೋ ಪ್ರಶ್ನೆಗೆ ಅಲ್ಲಿ ಅರ್ಥನೇ ಹೋಯ್ತು, ಎಚ್‌ಟಿಟಿಪಿ ಬರೋ ಯಾವುದಾದ್ರೂ ಆಗತ್ತೆ. ವೆಬ್‌ಸಾಕೆಟ್‌ನಲ್ಲಿ ಅಪ್‌ಡೇಟ್ ಬರೋದು ಸೆಕೆಂಡಿಗೆ 10 ಸಲ, ಅಂದ್ರೆ ನಮ್ಮ 600ರ ಲೆಕ್ಕದಲ್ಲಿ ಒಂದೊಂದು ಅಪ್‌ಡೇಟ್ ಮಧ್ಯೆ ಒಂದು ಅಡಿ. ಮ್ಯಾಪು, ಚೆಕ್‌ಲಿಸ್ಟು, ಟ್ಯಾಬ್ಲೆಟ್‌ನಲ್ಲಿ ಫ್ಯೂಯಲ್ ತೋರಿಸೋಕೆ ಧಾರಾಳ ಸಾಕು, ಟಚ್‌ಡೌನ್ ಹಿಡಿಯೋಕೆ ಮಾತ್ರ ಲುವಾ ಸ್ಕ್ರಿಪ್ಟನ್ನ ಇನ್ನೂ ತೆಗೆದಿಲ್ಲ.