ಒಂದೇ ಕೂಪನ್ ಕತ್ತರಿಸಿದ ಬಾಂಡ್

ಬೆಂಗಳೂರಿನ ನಾಣ್ಯ ಪ್ರದರ್ಶನದಲ್ಲಿ 1,800 ರೂಪಾಯಿ ಕೊಟ್ಟು ತಂದೆ. 1917ರ ರಷ್ಯಾದ 'ಸ್ವಾತಂತ್ರ್ಯ ಸಾಲ'ದ ಬಾಂಡ್, 100 ರೂಬಲ್‌ದು. ಮಳಿಗೆಯವರು ಪ್ಲಾಸ್ಟಿಕ್ ಕವರಿನ ಮೇಲೆ 'ಜಾರ್ ದೊರೆ ಕಾಲದ್ದು' ಅಂತ ಚೀಟಿ ಅಂಟಿಸಿದ್ದರು. ತಪ್ಪು. ದೊರೆ ಇಳಿದ ಮೇಲೆ ಬಂದ ಹಂಗಾಮಿ ಸರ್ಕಾರದ ಸಾಲಪತ್ರ ಇದು. ಅದಕ್ಕೇ ಮೇಲೆ ಅಚ್ಚಾಗಿರುವುದು ಡೂಮಾ, ಅಂದರೆ ರಷ್ಯಾದ ಸಂಸತ್ತು, ಸೇರುತ್ತಿದ್ದ ಟೌರೈಡ್ ಅರಮನೆ.

ನಾನು ಬ್ಯಾಂಕಿನಲ್ಲಿದ್ದು ನಿವೃತ್ತನಾದವನು, ಮೊದಲು ಕಣ್ಣು ಹೋಗಿದ್ದು ಷರತ್ತಿನ ಮೇಲೆ. ಮುಖಬೆಲೆ 100, ಕಟ್ಟಬೇಕಾದ್ದು 85. ಬಡ್ಡಿ 5 ಪರ್ಸೆಂಟ್, ಅದೂ ನೂರರ ಮೇಲೆ. ಅಂದರೆ ಹಾಕಿದ ದುಡ್ಡಿಗೆ ಹತ್ತಿರ ಹತ್ತಿರ 5.9 ಬಿದ್ದ ಹಾಗಾಯಿತು. ಕೌಂಟರಿನಲ್ಲಿ ಕೂತಿದ್ದರೆ ನಾನೇ ನಾಲ್ಕು ಜನಕ್ಕೆ ಮಾರಿಬಿಡುತ್ತಿದ್ದೆ!

ಆಗ ಹಣಕಾಸು ಮಂತ್ರಿ ಮಿಖಾಯಿಲ್ ತೆರೆಶ್ಚೆಂಕೊ. ಕೀವ್‌ನ ಸಕ್ಕರೆ ಸಾಹುಕಾರರ ಮನೆಯವನು, ವಯಸ್ಸು 31. ಮಂಡ್ಯದ ನಮಗೆ ಸಕ್ಕರೆ ಅಂದರೆ ಕಬ್ಬು, ಅವರದು ಬೀಟ್ ಗೆಡ್ಡೆಯದು. ಗೋಲ್ಕೊಂಡ ಸೀಮೆಯ 42.92 ಕ್ಯಾರೆಟ್ ನೀಲಿ ವಜ್ರ ಅವನ ಹತ್ತಿರ ಇತ್ತಂತೆ. ಅಂಥವನೂ ಯುದ್ಧದ ಖರ್ಚಿಗೆ ಊರವರ ಮುಂದೆ ಕೈಚಾಚಬೇಕಾಯಿತು. ಆದರೂ ಸಾಲದೆ ಸರ್ಕಾರ ನೋಟು ಅಚ್ಚು ಹಾಕುತ್ತಲೇ ಹೋಯಿತು. ಎರಡೇ ತಿಂಗಳಲ್ಲಿ ಇವನು ವಿದೇಶಾಂಗ ಖಾತೆಗೆ ಹೋದ. ಅಕ್ಟೋಬರ್ ಕ್ರಾಂತಿಯ ರಾತ್ರಿ ಚಳಿಗಾಲದ ಅರಮನೆಯಲ್ಲಿ ಸಿಕ್ಕಿಬಿದ್ದ.

ಇನ್ನು ಕಾಗದದ ವಿಷಯ. ನಡು ಮಡಿಕೆ ಸವೆದು ಬಟ್ಟೆ ಥರ ಆಗಿದೆ. ಆ ಕ್ರಾಂತಿಯಲ್ಲಿ ಅಧಿಕಾರ ಹಿಡಿದ ಬೋಲ್ಶೆವಿಕ್‌ರು 1918ರಲ್ಲಿ ಹಳೆಯ ಸಾಲಗಳನ್ನೆಲ್ಲ ರದ್ದು ಮಾಡಿದರೂ ಈ ಸಾಲದ ಸಣ್ಣ ಬಾಂಡ್‌ಗಳು ನೋಟಿನ ಹಾಗೆ ಓಡಾಡಿದವು. ಇದೂ ಯಾರದೋ ಜೇಬಿನಲ್ಲಿ ಮಡಿಚಿಕೊಂಡು ಕೂತಿದ್ದಿರಬೇಕು. ಬಡ್ಡಿ ತಗೊಳ್ಳುವಾಗ ಒಂದೊಂದಾಗಿ ಕತ್ತರಿಸಿ ಕೊಡುವ ಚೀಟಿಗಳ ಕೂಪನ್ ಹಾಳೆ ಜೊತೆಗೇ ಇದೆ, ಅದು ಇಲ್ಲದಿದ್ದರೆ ಈ ಬೆಲೆಗೆ ಖಂಡಿತ ತಗೋಬೇಡಿ. ಹಿಂದೆ ಮಾತ್ರ ಯಾರೋ ಸೆಲ್ಲೋಟೇಪ್ ಹಚ್ಚಿದ್ದಾರೆ, ಹಳದಿ ಕಲೆ ಮುಂದಕ್ಕೂ ಬಂದಿದೆ. ಮಳಿಗೆಯವರು ಇದನ್ನು ಹೇಳಲಿಲ್ಲ. ಮನೆಗೆ ಬಂದು ಕವರ್ ಬಿಚ್ಚಿದ ಮೇಲೆ ಗೊತ್ತಾಯಿತು. ಟೇಪಿಗೆ ಒಂದು ಸ್ಟಾರ್, ತಪ್ಪು ಚೀಟಿಗೆ ಅರ್ಧ ಕಳೆದಿದ್ದೇನೆ. ಐದಕ್ಕೆ ಮೂರೂವರೆ.

ಕೂಪನ್ ಎಣಿಸಿ ನೋಡಿದೆ. ಒಂದೇ ಒಂದು ಕತ್ತರಿಸಿದೆ, ಕತ್ತರಿ ಸ್ವಲ್ಪ ಸೊಟ್ಟಗೆ ಹೋಗಿದೆ. ಆರು ತಿಂಗಳ ಬಡ್ಡಿ, ಎರಡೂವರೆ ರೂಬಲ್. ಪುಣ್ಯಾತ್ಮ ಅಷ್ಟನ್ನಾದರೂ ಎಣಿಸಿಕೊಂಡಿದ್ದಾನೆ.