ಟೆಲಿ ಮನಸ್ 14416: ಕಲಬುರಗಿಯಿಂದ ಒಂದು ರಿವ್ಯೂ

ಟೆಲಿ ಮನಸ್ ಅಂದರೆ ಮನಸ್ಸಿನ ತೊಂದರೆಗಳಿಗೆ ಸರ್ಕಾರದ ಫೋನ್ ಸಹಾಯವಾಣಿ. 2022ರ ಅಕ್ಟೋಬರ್ 10ಕ್ಕೆ ಶುರುವಾಗಿದ್ದು, ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಇದರ ಮುಂದಾಳತ್ವ ವಹಿಸಿದೆ. 24 ಗಂಟೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ನಾನು ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಫೋನ್ ಮಾಡಿದ್ದು ಅಕ್ಕನ ಮಗನ ಸಲುವಾಗಿ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ಕೊನೆಗೆ ಬಂತಲ್ವಾ, ಆಗಿನಿಂದ ಈ ಹುಡುಗ ರಾತ್ರಿಯೆಲ್ಲಾ ರೀಲ್ಸ್. ಟಾಪರ್‌ಗಳ ಸಂದರ್ಶನ, ಕಲಬುರಗಿ ಬಗ್ಗೆ ಟ್ರೋಲು, ಮತ್ತೆ ಟಾಪರ್. ನೋಡಿದಷ್ಟೂ ಅಂಥವೇ ಬರುತ್ತವೆ, ಅವನು ನೋಡುತ್ತಲೇ ಇರುತ್ತಾನೆ. ಫೋನಿನಲ್ಲಿ ಟೈಮರ್ ಹಾಕಿದೆವು, ಸೆಟ್ಟಿಂಗ್‌ಗೆ ಹೋಗಿ ತೆಗೆದುಬಿಟ್ಟ. ಒಂದಿನ ಸುಮ್ನೆ ಅಂದ ಹಾಗೆ, "ಮಾಮಾ, ನಾ ಇಲ್ದಿದ್ರೇ ಛಲೋ ಇತ್ತು" ಅಂದ.

ಅಕ್ಕನಿಗೆ ಪೊಲೀಸ್ ಕೇಸ್ ಆಗುತ್ತೇನೋ ಅಂತ ಭಯ. ಸಾಯೋ ಯೋಚನೆ ಬಂತು ಅಂತ ಹೇಳಿಕೊಂಡರೆ ಯಾವ ಕೇಸೂ ಆಗಲ್ಲ ರೀ. ಪ್ರಯತ್ನ ಮಾಡಿದವರನ್ನೂ, ವಿಪರೀತ ಒತ್ತಡದಲ್ಲಿದ್ದರು ಅಂತ ತಿಳಿದು ಶಿಕ್ಷೆಯಿಂದ ದೂರ ಇಡಬೇಕು ಅಂತಲೇ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ಫೋನ್ ಎತ್ತಿದ ಮೇಡಂ ನಮ್ಮ ಮಾತೆಲ್ಲಾ ಕೇಳಿಸಿಕೊಂಡು, ಆಮೇಲೆ ಹುಡುಗನ ಕೈಗೆ ಕೊಡಿ ಅಂದರು. ನೇರವಾಗಿ ಕೇಳಿದರು: "ಸಾಯಬೇಕು ಅಂತ ಅನ್ನಿಸುತ್ತಾ?" ನನ್ನ ಎದೆ ಧಸಕ್ ಅಂತು. ಹಾಗೆ ಕೇಳಿದರೆ ಯೋಚನೆ ಹುಟ್ಟಲ್ಲವಂತೆ, ಹೇಳಿಕೊಳ್ಳೋಕೆ ದಾರಿಯಾಗುತ್ತದಂತೆ. ಅವನು ಬಹಳ ಹೊತ್ತು ಮಾತಾಡಿದ, ಮನೆಯಲ್ಲಿ ಅಷ್ಟು ಮಾತಾಡಿದ್ದು ನಾನು ನೋಡಿಲ್ಲ. ಎಲ್ಲಾ ಮೊಬೈಲಿಂದೇ ಅಂದಳು ಅಕ್ಕ. ಮೇಡಂ ಪೂರ್ತಿ ಒಪ್ಪಲಿಲ್ಲ. ಮನಸ್ಸು ಕುಗ್ಗಿದವರೂ ಫೋನಿಗೆ ಅಂಟಿಕೊಳ್ಳುತ್ತಾರೆ, ಅಂಟಿಕೊಂಡ ಮೇಲೆ ಇನ್ನೂ ಕುಗ್ಗುತ್ತಾರೆ, ಹಾಗಾಗಿ ಫೋನ್ ಕಸಿದುಕೊಂಡರೆ ಮುಗೀತು ಅಂದುಕೊಳ್ಳಬೇಡಿ ಅಂದರು. ಸದ್ಯಕ್ಕೆ ಒಬ್ಬನನ್ನೇ ಬಿಡಬೇಡಿ, ಅಪಾಯದ ವಸ್ತು ಕೈಗೆ ಸಿಗದಂತೆ ನೋಡಿಕೊಳ್ಳಿ, ರಾತ್ರಿ ಮನೆಯವರೆಲ್ಲರ ಫೋನೂ ಹೊರಗಿನ ಕೋಣೆಯಲ್ಲಿರಲಿ (ಅಕ್ಕನ ಮುಖ ನೋಡಬೇಕಿತ್ತು, ಅವಳ ಧಾರಾವಾಹಿ ಬರೋದೂ ಫೋನಿನಲ್ಲೇ), ಮನೋವೈದ್ಯರಿಗೆ ತೋರಿಸಿ. ಇಲ್ಲಿನ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲೇ ಆ ವಿಭಾಗ ಇದೆ, ಹೋಗಿ ಬಂದೆವು. ಚಿಕಿತ್ಸೆ ನಡೆದಿದೆ.

ಒಂದು ಸ್ಟಾರ್ ಕಡಿಮೆ ಯಾಕಂದ್ರೆ ಈ ಸೇವೆ ಇರೋದೂ ಫೋನಿನಲ್ಲೇ. ಕರೆ ಮಾಡೋಣ ಅಂತ ಸ್ಮಾರ್ಟ್‌ಫೋನ್ ಎತ್ತಿಕೊಂಡ ಹುಡುಗನಿಗೆ ಮೊದಲು ಕಾಣೋದು ನೋಟಿಫಿಕೇಶನ್. ನಾವು ಅವ್ವನ ಕೀಪ್ಯಾಡ್ ಫೋನಿಂದ ಮಾಡಿದೆವು. ಆ್ಯಪ್ ಬೇಕಿಲ್ಲ, ಇಂಟರ್ನೆಟ್ ಬೇಕಿಲ್ಲ. 1800-891-4416 ಕೂಡ ಇದೇ ಸೇವೆ. ಆ ಕ್ಷಣಕ್ಕೇ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಇದಕ್ಕೆ ಕಾಯಬೇಡಿ, ನೇರ 112 ಇಲ್ಲಾ 108 ಒತ್ತಿ.