ಭಾನುವಾರವಷ್ಟೇ ನೋಡಿ ತೀರ್ಮಾನಿಸಬೇಡಿ: ಪೆನ್ಸಿಲ್ವೇನಿಯಾದ ಒಂದು ಎಪಿಸ್ಕೋಪಲ್ ಸಭೆ

ಹೊಸದಾಗಿ ಅಮೆರಿಕಕ್ಕೆ ಬಂದ ಕನ್ನಡ ಕ್ರೈಸ್ತ ಕುಟುಂಬಗಳು ನನ್ನನ್ನು ಆಗಾಗ ಕೇಳುತ್ತವೆ, ಯಾವ ಚರ್ಚಿಗೆ ಹೋಗೋಣ ಅಂತ. ನಮ್ಮದು ಧಾರವಾಡ ಕಡೆಯ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮನೆತನ. ಈಗ ಕೆಲವು ವರ್ಷಗಳಿಂದ ಪೆನ್ಸಿಲ್ವೇನಿಯಾದ ಒಂದು ಸಣ್ಣ ಪಟ್ಟಣದ ಎಪಿಸ್ಕೋಪಲ್ ಸಭೆಯಲ್ಲಿದ್ದೇವೆ. ಎಪಿಸ್ಕೋಪಲ್ ಅಂದರೆ ಇಂಗ್ಲೆಂಡಿನ ಚರ್ಚಿನ (ಆಂಗ್ಲಿಕನ್) ಪರಂಪರೆಯ ಅಮೆರಿಕನ್ ಚರ್ಚು. ಸಭೆಯ ಹೆಸರು ಬರೆಯುವುದಿಲ್ಲ, ಏಕೆಂದರೆ ಹೇಳಬೇಕಾದ ಕೊರತೆಗಳೂ ಇವೆ. ಆದರೆ ಇಲ್ಲಿ ಬರೆದಿರುವುದರಲ್ಲಿ ಬಹಳಷ್ಟು ನಿಮ್ಮ ಊರಿನ ಎಪಿಸ್ಕೋಪಲ್ ಸಭೆಯಲ್ಲೂ ಕಾಣಸಿಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವಾರವಿಡೀ ಏನಾದರೊಂದು ಕೆಲಸಕ್ಕೆ ಕೈ ಹಾಕುವ ಮನಸ್ಸಿದ್ದವರಿಗೆ ಇಂಥ ಸಭೆ ತುಂಬ ಒಳ್ಳೆಯದು. ಭಾನುವಾರ ಬಂದು, ಕೂತು, ಆಶೀರ್ವಾದ ಪಡೆದು ಹೋಗುವವರಿಗೆ ಸ್ವಲ್ಪ ತಣ್ಣಗೆ ಅನ್ನಿಸಬಹುದು.

ಇದು ನನಗೆ ಮನದಟ್ಟಾದದ್ದು ನಮ್ಮ ರೆಕ್ಟರ್, ಅಂದರೆ ಸಭಾಪಾಲಕರು, ಬೇರೆ ಊರಿನ ಕರೆ ಒಪ್ಪಿಕೊಂಡು ಹೋದ ಮೇಲೆ. ನಮ್ಮ ಕಡೆ ಬಿಷಪ್ಪರು ಅಯ್ಯನವರನ್ನು ವರ್ಗ ಮಾಡುತ್ತಾರೆ, ಒಬ್ಬರು ಹೋದರೆ ಮತ್ತೊಬ್ಬರು ಬರುತ್ತಾರೆ. ಇಲ್ಲಿ ಸಭೆಯೇ ಹುಡುಕಬೇಕು. ಹುಡುಕಾಟದ ಸಮಿತಿಯೊಂದನ್ನು ಮಾಡುತ್ತಾರೆ, ಸಭೆಯ ಪರಿಚಯಪತ್ರ ಬರೆಯುತ್ತಾರೆ, ಅರ್ಜಿ ಹಾಕಿದವರ ಜೊತೆ ಮಾತಾಡುತ್ತಾರೆ. ಕೊನೆಗೆ ವೆಸ್ಟ್ರಿ, ಅಂದರೆ ಸಭಿಕರ ಆಡಳಿತ ಮಂಡಳಿ, ಆರಿಸುತ್ತದೆ, ಬಿಷಪ್ ಒಪ್ಪಬೇಕು. ಇದಕ್ಕೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಹಿಡಿಯುವುದು ಇಲ್ಲಿ ಸಾಮಾನ್ಯ. ಅಷ್ಟು ದಿನ ಸಭಾಪಾಲಕರಿಲ್ಲದೆ ಸಭೆ ಚದುರಿ ಹೋಗುತ್ತದೆ ಎಂದು ನನಗೆ ಭಯವಿತ್ತು. ಚದುರಲಿಲ್ಲ. ಹೆಚ್ಚಿನ ಭಾನುವಾರಗಳಲ್ಲಿ ಎಲ್ಲಿಂದಲೋ ಒಬ್ಬ ನಿವೃತ್ತ ಪಾದ್ರಿ ಬಂದು ಕರ್ತನ ಭೋಜನ ನಡೆಸಿಕೊಟ್ಟರು. ಯಾರೂ ಸಿಗದ ವಾರ, ದಿನವಿಡೀ ಅಂಚೆ ಹಂಚುವ ಕೆಲಸದ ಒಬ್ಬ ಹೆಂಗಸು ಪ್ರಾರ್ಥನಾ ಪುಸ್ತಕ ಹಿಡಿದು ಮುಂದೆ ನಿಂತು ಬೆಳಗಿನ ಪ್ರಾರ್ಥನೆಯನ್ನು ಕೀರ್ತನೆ ಸಮೇತ ನಡೆಸಿದರು. ಅವರ ಸ್ವರದಲ್ಲಿ ಅಳುಕು ಇರಲಿಲ್ಲ. ಆ ವಾರದ ಉಳಿದ ಕೆಲಸಗಳಲ್ಲಿ ಒಂದೂ ನಿಲ್ಲಲಿಲ್ಲ.

ಇದರ ಬೇರು ಇತಿಹಾಸದಲ್ಲಿದೆ. ವಸಾಹತು ಕಾಲದ ಅಮೆರಿಕದಲ್ಲಿ ಆಂಗ್ಲಿಕನ್ ಸಭೆಗಳಿದ್ದವು, ಆದರೆ ಇಲ್ಲೇ ನೆಲೆಸಿದ ಬಿಷಪ್ ಒಬ್ಬರೂ ಇರಲಿಲ್ಲ. ಕಟ್ಟಡ, ಹಣ, ಬಡವರ ಯೋಗಕ್ಷೇಮ ಎಲ್ಲವನ್ನೂ ಊರಿನವರೇ ವೆಸ್ಟ್ರಿಯಲ್ಲಿ ಕೂತು ನೋಡಿಕೊಳ್ಳಬೇಕಾಯಿತು. ಸ್ವಾತಂತ್ರ್ಯ ಬಂದ ಮೇಲೆ ಸ್ಯಾಮ್ಯುಯೆಲ್ ಸೀಬರಿ ಎಂಬ ಅಮೆರಿಕದ ಪಾದ್ರಿ ಬಿಷಪ್ ಆಗಲು ಇಂಗ್ಲೆಂಡಿಗೆ ಹೋದರೆ, ಅಲ್ಲಿ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂಬ ಕಾನೂನು ಅಡ್ಡ ಬಂತು. ಕೊನೆಗೆ 1784ರಲ್ಲಿ ಸ್ಕಾಟ್ಲೆಂಡಿನ ಬಿಷಪ್ಪರು ಅವರನ್ನು ಅಭಿಷೇಕಿಸಿದರು. 1789ರಲ್ಲಿ ನಮ್ಮ ರಾಜ್ಯದ ಫಿಲಡೆಲ್ಫಿಯಾದಲ್ಲಿಯೇ ಸೇರಿ ಈ ಚರ್ಚಿನ ಸಂವಿಧಾನ ಒಪ್ಪಿಕೊಂಡರು. ಇಡೀ ಚರ್ಚಿನ ಮಹಾಸಭೆಗೆ ಪ್ರತಿ ಡಯಾಸಿಸ್ಸಿನಿಂದ (ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ) ಪಾದ್ರಿಗಳ ಪ್ರತಿನಿಧಿಗಳಷ್ಟೇ ಸಂಖ್ಯೆಯಲ್ಲಿ ಸಾಮಾನ್ಯ ಸಭಿಕರ ಪ್ರತಿನಿಧಿಗಳೂ ಇಂದಿಗೂ ಹೋಗುತ್ತಾರೆ. 1979ರ ಪ್ರಾರ್ಥನಾ ಪುಸ್ತಕದ ಹಿಂಭಾಗದ ಪ್ರಶ್ನೋತ್ತರದಲ್ಲಿ 'ಸಭೆಯ ಸೇವಕರು ಯಾರು' ಎಂಬ ಪ್ರಶ್ನೆಗೆ ಉತ್ತರದ ಮೊದಲ ಹೆಸರೇ ಸಾಮಾನ್ಯ ಸಭಿಕರದು. ಬಿಷಪ್, ಪಾದ್ರಿ, ಡೀಕನ್ ಆಮೇಲೆ ಬರುತ್ತಾರೆ. ಅದು ಪುಸ್ತಕದಲ್ಲಿ ಮಾತ್ರ ಉಳಿದಿಲ್ಲ ಎನ್ನುವುದೇ ಈ ಸಭೆಯ ಬಗ್ಗೆ ನಾನು ಹೇಳಬೇಕಾದ ಮುಖ್ಯ ಮಾತು.

ಭಾನುವಾರ ಎರಡು ಆರಾಧನೆ. ಎಂಟು ಗಂಟೆಯದು ಹಳೆಯ ಇಂಗ್ಲಿಷಿನ ಮೊದಲ ಕ್ರಮದಲ್ಲಿ, ಸಂಗೀತವಿಲ್ಲದೆ, ಬೆರಳೆಣಿಕೆಯ ಜನರೊಂದಿಗೆ. ಹತ್ತೂವರೆಯದು ಎರಡನೆಯ ಕ್ರಮ, ಈಗಿನ ಭಾಷೆ, ಆರ್ಗನ್ ಮತ್ತು ಗಾಯನ ಮಂಡಳಿಯೊಂದಿಗೆ. ಸಿಎಸ್‌ಐ ಸಭೆಯಲ್ಲಿ ಬೆಳೆದವರಿಗೆ ಎರಡೂ ಮನೆಯಂತೆಯೇ ಇರುತ್ತವೆ. ಪಾಪದ ಅರಿಕೆ, ವಿಶ್ವಾಸ ಪ್ರಮಾಣ, ರೊಟ್ಟಿ ಮುರಿಯುವುದು ಎಲ್ಲ ನಿಮಗೆ ಗೊತ್ತಿದ್ದದ್ದೇ. ನಡುವೆ ಸಮಾಧಾನ ಹೇಳಿ ಕೈಕೈ ಹಿಡಿಯುವ ಭಾಗ ಬಂದಾಗ ನನಗೆ ಪ್ರತಿಸಲ ಹೆಮ್ಮೆಯಾಗುತ್ತದೆ, ಏಕೆಂದರೆ 1950ರ ನಮ್ಮ ಸಿಎಸ್‌ಐ ಆರಾಧನಾ ಕ್ರಮ ಅದನ್ನು ಸಭೆಯ ನಡುವೆ ತಂದ ನಂತರವೇ ಪಶ್ಚಿಮದ ಅನೇಕ ಸಭೆಗಳು ಅದನ್ನು ಮತ್ತೆ ಕೈಗೆತ್ತಿಕೊಂಡವು. ಓದುವ ವಾಕ್ಯಗಳು ಮೂರು ವರ್ಷದ ಚಕ್ರದಲ್ಲಿ ಬರುತ್ತವೆ. ಹಾಗಾಗಿ ಪ್ರಸಂಗ ಮಾಡುವವರು ತಮಗೆ ಇಷ್ಟವಾದ ನಾಲ್ಕು ಅಧ್ಯಾಯಗಳ ಸುತ್ತಲೇ ತಿರುಗುವಂತಿಲ್ಲ. ಕಷ್ಟದ ಭಾಗ ಬಂದರೂ ಅದನ್ನು ಎದುರಿಸಲೇಬೇಕು. ನನಗೆ ಇದು ಬಹಳ ಹಿಡಿಸಿದೆ.

ಮಿಶ್ರ ಕುಟುಂಬದವರು ಕೇಳುವ ಪ್ರಶ್ನೆಗೂ ಉತ್ತರಿಸುತ್ತೇನೆ. ಯಾವ ಪಂಗಡದಲ್ಲಾದರೂ ದೀಕ್ಷಾಸ್ನಾನವಾದವರು ಕರ್ತನ ಭೋಜನಕ್ಕೆ ಬರಬಹುದು. ಆಗದವರು ಎದೆಯ ಮೇಲೆ ಕೈಗಳನ್ನು ಅಡ್ಡ ಇಟ್ಟುಕೊಂಡು ಮುಂದೆ ಬಂದರೆ ಪಾದ್ರಿ ಆಶೀರ್ವದಿಸುತ್ತಾರೆ. ನಮ್ಮ ಸಭೆಯಲ್ಲಿ ಹಿಂದೂ ಅಳಿಯನೊಬ್ಬ ಹೀಗೆ ಪ್ರತಿವಾರ ಬರುತ್ತಾನೆ, ಯಾರೂ ಅವನನ್ನು ಬೇರೆ ಕಣ್ಣಿನಿಂದ ನೋಡಿಲ್ಲ. ಒಂದೇ ಬಟ್ಟಲಿನಿಂದ ಕುಡಿಯಲು ಹಿಂಜರಿಕೆಯಿದ್ದರೆ ರೊಟ್ಟಿಯನ್ನಷ್ಟೇ ತೆಗೆದುಕೊಂಡರೂ ಸಂಸ್ಕಾರ ಪೂರ್ಣವೇ. ಗೋಧಿ ಆಗದವರಿಗೆ ಬೇರೆ ರೊಟ್ಟಿ ಇದೆ, ಮೊದಲೇ ಹೇಳಬೇಕು. ಹೆಂಗಸರು ಪಾದ್ರಿಗಳಾಗುವುದನ್ನು ಈ ಚರ್ಚಿನ ಮಹಾಸಭೆ 1976ರಲ್ಲೇ ಒಪ್ಪಿದೆ, 2006ರಲ್ಲಿ ಕ್ಯಾಥರಿನ್ ಜೆಫರ್ಟ್ಸ್ ಶೋರಿ ಇಡೀ ಚರ್ಚಿನ ಮುಖ್ಯ ಬಿಷಪ್ಪರಾಗಿ ಆಯ್ಕೆಯಾದರು. ಹೆಣ್ಣುಮಕ್ಕಳಿರುವ ಮನೆಯವರು ಇದನ್ನು ತಿಳಿದುಕೊಂಡೇ ಬನ್ನಿ.

ಈಗ ಕೊರತೆ. ಬಾಗಿಲಲ್ಲಿ 'ಎಪಿಸ್ಕೋಪಲ್ ಚರ್ಚು ನಿಮ್ಮನ್ನು ಸ್ವಾಗತಿಸುತ್ತದೆ' ಎಂಬ ಫಲಕವಿದೆ. ಒಳಗೆ ಸ್ವಾಗತವೂ ಇದೆ, ಬಾಗಿಲ ಹತ್ತಿರ. ಆರಾಧನೆ ಮುಗಿದು ಕಾಫಿಗೆ ಹಾಲ್‌ಗೆ ಇಳಿದ ಮೇಲೆ ಅದು ಕರಗಿಹೋಗುತ್ತದೆ. ಮೂವತ್ತು ವರ್ಷದಿಂದ ಒಬ್ಬರಿಗೊಬ್ಬರು ಪರಿಚಿತರಾದವರು ಅದೇ ಮೇಜು, ಅದೇ ಕುರ್ಚಿ ಹಿಡಿದು ಕೂರುತ್ತಾರೆ. ಹೊಸಬರು ಕಾಫಿ ಲೋಟ ಹಿಡಿದು ಗೋಡೆಯ ಬಳಿ ನಿಲ್ಲುತ್ತಾರೆ. ಕೆಟ್ಟ ಮನಸ್ಸಿಲ್ಲ, ಆದರೆ ಹೊಸಬರಿಗೆ ಅದರಿಂದ ಏನೂ ಸಮಾಧಾನವಿಲ್ಲ. ಎಷ್ಟೋ ಕುಟುಂಬಗಳು ಎರಡನೆಯ ವಾರ ಬಾರದೆ ಹೋದದ್ದು ಇಲ್ಲೇ ಎಂದು ನಾನು ನಂಬಿದ್ದೇನೆ. ವೆಸ್ಟ್ರಿ ಸಭೆಯಲ್ಲೂ ಇದನ್ನು ಹೇಳಿದ್ದೇನೆ.

ಮಕ್ಕಳ ವಿಷಯವೂ ಸುಲಭವಿಲ್ಲ. ಭಾನುವಾರದ ಶಾಲೆಯಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ. ಬೇಸಿಗೆಯಲ್ಲಿ ಅದೂ ಮುಚ್ಚುತ್ತದೆ. ದೃಢೀಕರಣವಾದ ಮೇಲೆ ಹದಿಹರೆಯದವರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಹಾಡುವುದರಲ್ಲೂ ನಮ್ಮವರ ಗಟ್ಟಿ ಗಂಟಲು ಇಲ್ಲಿಲ್ಲ. 1982ರ ಸಂಗೀತ ಪುಸ್ತಕದಲ್ಲಿ 720 ಭಕ್ತಿಗೀತೆಗಳಿವೆ, ಸಭೆ ಎದೆ ತುಂಬಿ ಹಾಡುವುದು ಅದರಲ್ಲಿ ಕೆಲವನ್ನು ಮಾತ್ರ.

ಇಷ್ಟನ್ನು ನೋಡಿ ಭಾನುವಾರವೇ ತೀರ್ಮಾನ ಮಾಡಿಬಿಟ್ಟರೆ ಈ ಸಭೆಯ ಮುಕ್ಕಾಲು ಪಾಲು ನೀವು ನೋಡಿಯೇ ಇಲ್ಲ.

ಗುರುವಾರ ಮಧ್ಯಾಹ್ನ ಹಿಂದಿನ ಬಾಗಿಲಿಗೆ ಬನ್ನಿ. ಅಲ್ಲಿ ಆಹಾರದ ಕೋಣೆ ತೆರೆಯುತ್ತದೆ. ಡಬ್ಬಿ ಕಟ್ಟಿ ಕೈಗೆ ಕೊಟ್ಟು ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಬಂದವರು ಕಪಾಟುಗಳ ನಡುವೆ ನಡೆದು, ಬೇಕಾದ ಬೇಳೆ, ಪಾಸ್ತಾ, ಹಾಲಿನಪುಡಿ, ಮಗುವಿನ ಡಯಾಪರ್ ತಾವೇ ಆರಿಸಿಕೊಳ್ಳುತ್ತಾರೆ. ತಿಂಗಳ ಕೊನೆಯ ವಾರ ಸಾಲು ಉದ್ದವಾಗುತ್ತದೆ. ಸರ್ಕಾರದ ಆಹಾರ ನೆರವಾದ ಸ್ನ್ಯಾಪ್ ಕಾರ್ಡಿನ ಹಣ ಅಷ್ಟು ಹೊತ್ತಿಗೆ ಮುಗಿದಿರುತ್ತದೆ. ಶಾಲೆಯ ಊಟ ನಿಲ್ಲುವ ಬೇಸಿಗೆ ರಜೆಯಲ್ಲಿ ಮಕ್ಕಳೂ ಜೊತೆಗೆ ಬರುತ್ತಾರೆ. ಯಾವ ಧರ್ಮ, ಯಾವ ಚರ್ಚು, ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ಕೋಣೆ ನೋಡಿಕೊಳ್ಳುವವರು ಎಂಬತ್ತು ದಾಟಿದ ಒಬ್ಬ ಅಜ್ಜಿ. ಪ್ರತಿಯೊಬ್ಬರ ಹೆಸರೂ ಅವರಿಗೆ ಗೊತ್ತು, ಯಾರ ಮನೆಯಲ್ಲಿ ಸಕ್ಕರೆ ಕಾಯಿಲೆಯಿದೆ ಎನ್ನುವುದೂ ಗೊತ್ತು. ಅವರು ಆ ಮಂದಿಯ ಜೊತೆ ಮಾತಾಡುವ ರೀತಿಯನ್ನು ಭಾನುವಾರದ ಕಾಫಿಯ ಹಾಲ್‌ನಲ್ಲಿ ಉಳಿದವರು ಕಲಿತರೆ ನನ್ನ ಮೊದಲನೆಯ ದೂರು ಇರುವುದಿಲ್ಲ.

ಚರ್ಚಿನ ನೆಲಮಾಳಿಗೆಯಲ್ಲಿ ವಾರದ ಹಲವು ಸಂಜೆ ಕುಡಿತ ಬಿಟ್ಟವರ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಕೂಟ ಸೇರುತ್ತದೆ. ಇದಕ್ಕೂ ಈ ಚರ್ಚಿಗೂ ಹಳೆಯ ನಂಟು. ನ್ಯೂಯಾರ್ಕಿನ ಕ್ಯಾಲ್ವರಿ ಚರ್ಚಿನ ರೆಕ್ಟರ್ ಆಗಿದ್ದ ಸ್ಯಾಮ್ಯುಯೆಲ್ ಶೂಮೇಕರ್ ಅವರಿಂದ ಕಲಿತದ್ದನ್ನು ಎಎ ಸ್ಥಾಪಕರಲ್ಲಿ ಒಬ್ಬರಾದ ಬಿಲ್ ವಿಲ್ಸನ್ ಕೃತಜ್ಞತೆಯಿಂದ ನೆನೆಯುತ್ತಿದ್ದರು. ಶೂಮೇಕರ್ ಮುಂದೆ 1952ರಲ್ಲಿ ನಮ್ಮ ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗಿಗೇ ಬಂದರು. ಕೂಟಕ್ಕೆ ಬರುವವರಲ್ಲಿ ಹೆಚ್ಚಿನವರು ಭಾನುವಾರ ಬರುವುದಿಲ್ಲ. ಬರಬೇಕೆಂದು ಯಾರೂ ಒತ್ತಾಯಿಸುವುದೂ ಇಲ್ಲ.

ಬುಧವಾರ ನಡು ಮಧ್ಯಾಹ್ನ ಚಿಕ್ಕ ಆರಾಧನೆ. ಅಸ್ವಸ್ಥರ ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸುತ್ತಾರೆ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಕೆಲಸದ ನಡುವೆ ಬರಬಹುದು.

ನಾನು ಸೇರಿದ್ದು ಶನಿವಾರದ ಆಲ್ಟರ್ ಗಿಲ್ಡಿಗೆ. ಮರುದಿನದ ಆರಾಧನೆಗೆ ಪೀಠ ಸಿದ್ಧ ಮಾಡುವ ಗುಂಪು ಅದು. ಬಟ್ಟಲು ಒರೆಸುವ ನಾರಿನ ಬಟ್ಟೆಗಳಿಗೆ ದ್ರಾಕ್ಷಾರಸದ ಕಲೆ, ತುಟಿಬಣ್ಣದ ಕಲೆ. ಅವನ್ನು ಮೊದಲು ತಣ್ಣೀರಿನಲ್ಲಿ ಜಾಲಿಸಿ ಆ ನೀರನ್ನು ಒಂದು ವಿಶೇಷ ತೊಟ್ಟಿಗೆ ಸುರಿಯುತ್ತೇವೆ. ಅದರ ಕೊಳವೆ ಚರಂಡಿಗಲ್ಲ, ನೇರ ಮಣ್ಣಿಗೇ ಹೋಗುತ್ತದೆ. ಆಮೇಲೆ ಒಗೆದು, ತೇವವಿರುವಾಗಲೇ ಇಸ್ತ್ರಿ ಮಾಡಿ, ಪೀಠದ ಚೌಕ ಬಟ್ಟೆಯನ್ನು ಒಂಬತ್ತು ಮನೆ ಬರುವಂತೆ ಮಡಚುವುದು. ಕಾಲಕ್ಕೆ ತಕ್ಕ ಬಣ್ಣದ ಹೊದಿಕೆ ಹಾಕುವುದು: ಈಸ್ಟರಿಗೆ ಮೊದಲಿನ ಉಪವಾಸದ ಕಾಲವಾದ ಲೆಂಟಿಗೆ ನೇರಳೆ, ಪಂಚಾಶತ್ತಮಕ್ಕೆ ಕೆಂಪು, ಅದರ ಮುಂದಿನ ಉದ್ದನೆಯ ತಿಂಗಳುಗಳಿಗೆ ಹಸಿರು. ಯಾರೂ ನೋಡದ ಈ ಕೆಲಸ ನನಗೆ ಪ್ರಾರ್ಥನೆಯನ್ನು ಪ್ರಸಂಗಗಳಿಗಿಂತ ಹೆಚ್ಚಾಗಿ ಕಲಿಸಿದೆ. ಸ್ನೇಹಿತೆಯರು ಸಿಕ್ಕಿದ್ದೂ ಇಲ್ಲೇ. ಇಸ್ತ್ರಿ ಮೇಜಿನ ಎದುರು ನಿಂತವರು ಹೊಸಬರನ್ನು ಮಾತಾಡಿಸದೆ ಇರಲಾರರು.

ಸಭೆಯ ಋಣ ನನ್ನ ಮೇಲಿರುವುದು ಮಾತ್ರ ಬೇರೆ ಕಾರಣಕ್ಕೆ. ಒಂದು ಚಳಿಗಾಲ ಊರಿಂದ ಬಂದಿದ್ದ ಅತ್ತೆಯವರಿಗೆ ಮಂಡಿನೋವು ಹೆಚ್ಚಾಗಿ ಮಹಡಿ ಇಳಿಯಲಾಗಲಿಲ್ಲ. ನಾನು ಕೇಳುವ ಮೊದಲೇ ಸಭೆಯಿಂದ ಫೋನ್ ಬಂತು. ಭಾನುವಾರದ ಆರಾಧನೆ ಮುಗಿದ ಕೂಡಲೇ, ಬಿಷಪ್ಪರ ಅನುಮತಿ ಪಡೆದ ಒಬ್ಬ ಸಭಿಕರು, ನಿವೃತ್ತ ಬಸ್ ಚಾಲಕರು, ಅಂದಿನ ಪೀಠದ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಚಿಕ್ಕ ಪೆಟ್ಟಿಗೆಯಲ್ಲಿ ಮನೆಗೇ ತಂದರು. ಅತ್ತೆಗೆ ಇಂಗ್ಲಿಷ್ ಬಾರದು. ಬಂದ ಸಭಿಕರು ಕರ್ತನ ಪ್ರಾರ್ಥನೆ ಶುರು ಮಾಡಿದಾಗ ಅತ್ತೆ ಧ್ವನಿಯಿಂದಲೇ ಗುರುತು ಹಿಡಿದು 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂದು ಜೊತೆಗೆ ಹೇಳತೊಡಗಿದರು. ಬಂದವರು ತಮ್ಮ ಓಟ ನಿಧಾನ ಮಾಡಿ, ಅತ್ತೆಯ ಸಾಲು ಮುಗಿಯುವವರೆಗೆ ಕಾದು ಮುಂದೆ ಹೋದರು. ಆಮೇಲೆ ಅತ್ತೆ ನನಗೆ, "ಇದು ನಮ್ಮ ಕ್ರಮಾನೇ ಅದ ಅಲ್ಲೇನ ಮತ್ತ? ಇವರೂ ನಮ್ಮವರೇ ಬಿಡವಾ," ಅಂದರು. ಅತ್ತೆ ವಾಪಸು ಹೋಗುವವರೆಗೆ ಒಂದು ವಾರವೂ ಅವರು ತಪ್ಪಿಸಲಿಲ್ಲ, ಹಿಮ ಬಿದ್ದ ದಿನವೂ.

ದುಡ್ಡಿನ ಮಾತು. ಪ್ರವೇಶ ಶುಲ್ಕ, ಚಂದಾ ಯಾವುದೂ ಇಲ್ಲ. ಶರತ್ಕಾಲದಲ್ಲಿ ಒಂದು ಕಾರ್ಡು ಕೊಡುತ್ತಾರೆ, ಮುಂದಿನ ವರ್ಷ ಎಷ್ಟು ಕೊಡಬಲ್ಲಿರಿ ಎಂದು ಬರೆದುಕೊಡಬೇಕು. ವೆಸ್ಟ್ರಿ ಅದರ ಮೇಲೆ ಬಜೆಟ್ ಮಾಡುತ್ತದೆ. ಜನವರಿಯ ವಾರ್ಷಿಕ ಸಭೆಯಲ್ಲಿ ಬಾಯ್ಲರ್ ದುರಸ್ತಿಯಿಂದ ಹಿಡಿದು ಪಾದ್ರಿಯ ಸಂಬಳದವರೆಗೆ ಪ್ರತಿ ಡಾಲರೂ ಅಚ್ಚಾಗಿ ಎಲ್ಲರ ಕೈಗೆ ಬರುತ್ತದೆ, ಯಾರು ಬೇಕಾದರೂ ಎದ್ದು ಪ್ರಶ್ನೆ ಕೇಳಬಹುದು. ಸಭೆಯ ಲೆಕ್ಕದ ವಿಷಯಕ್ಕೆ ಜಗಳ, ಕೋರ್ಟು ಕಂಡು ನೊಂದವರಿಗೆ ಇದರ ಬೆಲೆ ನಾನು ವಿವರಿಸಬೇಕಿಲ್ಲ. ನನಗಿರುವ ಚಿಂತೆ ಬೇರೆ. ಇಷ್ಟೆಲ್ಲ ಹೊತ್ತಿರುವ ಭುಜಗಳಲ್ಲಿ ಬಹುಪಾಲು ಎಪ್ಪತ್ತು ದಾಟಿದವರದು. ಆಹಾರದ ಕೋಣೆಯ ಅಜ್ಜಿಯ ಕೀಲಿಕೈ ತೆಗೆದುಕೊಳ್ಳುವವರು ಇನ್ನೂ ಸಿಕ್ಕಿಲ್ಲ.

ಬರುವುದಾದರೆ ಮೊದಲ ಸಲ ಹತ್ತೂವರೆಯ ಆರಾಧನೆಗೆ ಬನ್ನಿ, ಬಾಗಿಲಲ್ಲಿ ಕೊಡುವ ಅಚ್ಚಾದ ಹಾಳೆಯನ್ನೇ ಹಿಡಿದುಕೊಳ್ಳಿ, ಎರಡು ಪುಸ್ತಕಗಳ ನಡುವೆ ಹುಡುಕಾಡುವುದು ತಪ್ಪುತ್ತದೆ. ಕಾಫಿಗೆ ಇಳಿದಾಗ ಯಾರಾದರೂ ಮಾತಾಡಿಸಲಿ ಎಂದು ಕಾಯದೆ, ಈ ವಾರ ಯಾವ ಕೆಲಸಕ್ಕೆ ಜನ ಕಡಿಮೆಯಿದ್ದಾರೆ ಎಂದು ನೀವೇ ಕೇಳಿ. ಗುರುವಾರ ಸಾಮಾನು ಇಳಿಸಲು ಲಾರಿ ಮಧ್ಯಾಹ್ನ ಹನ್ನೆರಡಕ್ಕೆ ಬರುತ್ತದೆ. ಭಾರ ಎತ್ತಬಲ್ಲವರು ಅಲ್ಲಿಗೆ ಸದ್ಯ ತುರ್ತಾಗಿ ಬೇಕಾಗಿದ್ದಾರೆ.